ಇಸ್ತ್ರಿ ಪೆಟ್ಟಿಗೆ ಹಿಡಿದು ವಿಮಾನ ರಿಪೇರಿ

ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ ಅನ್ನೋ ಪುಟ್ಟ ವಿಮಾನ ಮೊದಲು ಹಾರಿದ್ದು 1958ರಲ್ಲಿ. ಎರಡೇ ಸೀಟು, 90 ಹಾರ್ಸ್‌ಪವರ್ ಎಂಜಿನ್. ಇವತ್ತಿನ ಸಾಧಾರಣ ಕಾರಿಗೂ ಅಷ್ಟಿರುತ್ತದೆ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಕಲಿತದ್ದು ಇದರಲ್ಲೇ. ದೂರದಿಂದ ತಗಡಿನದು ಅನ್ನಿಸುತ್ತದೆ, ಆದರೆ ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು. ಅದು ಬಟ್ಟೆ! ಒಳಗೆ ಸ್ಟೀಲ್ ಪೈಪಿನ ಹಂದರ, ಮೇಲೆ ಬಿಗಿಯಾಗಿ ಎಳೆದು ಬಣ್ಣ ಹೊಡೆದ ಬಟ್ಟೆ, ಅಷ್ಟೇ.

ಇಂಥ ಹಳೇ ವಿಮಾನಗಳಿಗೆ ಆಗೆಲ್ಲ ಹತ್ತಿ ಬಟ್ಟೆ ಹಾಕುತ್ತಿದ್ದರು. ಅದರ ಮೇಲೆ ಡೋಪ್ ಅನ್ನೋ ವಾರ್ನಿಷ್. ಡೋಪ್ ಆರುತ್ತಾ ಆರುತ್ತಾ ಕುಗ್ಗಿ, ಜೊತೆಗೆ ಬಟ್ಟೆಯನ್ನೂ ಎಳೆದು ಬಿಗಿ ಮಾಡುತ್ತದೆ. ನೈಟ್ರೇಟ್ ಡೋಪ್ ಅಂತೂ ಬಂದೂಕಿನ ಮದ್ದಿನ ದಾಯಾದಿ, ಒಂದು ಕಿಡಿ ಸಾಕು.

ಈ ಬಟ್ಟೆಗೆ ದೊಡ್ಡ ಶತ್ರು ಬಿಸಿಲು. ಅತಿನೇರಳೆ ಕಿರಣ ನೂಲನ್ನು ನಿಧಾನವಾಗಿ ಪುಡಿಯಾಗಿಸುತ್ತದೆ. ಅದಕ್ಕೇ ಬಣ್ಣದ ಕೆಳಗೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಒಂದೆರಡು ಕೋಟ್ ಹೊಡೆಯುತ್ತಾರೆ, ಬೆಳಕು ಅಲ್ಲೇ ತಡೆದುಹೋಗಲಿ ಅಂತ. ಅಮೆರಿಕದ ನಿಯಮದ ಪ್ರಕಾರ ಗ್ರೇಡ್ ಎ ಹತ್ತಿ ಬಟ್ಟೆಯ ಒಂದಿಂಚು ಅಗಲದ ಪಟ್ಟಿ ಹೊಸದರಲ್ಲಿ 80 ಪೌಂಡ್ ಎಳೆತ ತಡೆಯಬೇಕು. 56ಕ್ಕಿಂತ ಕೆಳಗೆ ಬಂತೋ, ಬಣ್ಣ ಎಷ್ಟೇ ಫಳಫಳ ಅನ್ನಲಿ, ಬಟ್ಟೆ ಬಿಚ್ಚಲೇಬೇಕು.

ಈಗ ಹತ್ತಿ ಬದಲು ಪಾಲಿಯೆಸ್ಟರ್ ಬಂದಿದೆ. ಇಲ್ಲಿದೆ ಮಜಾ. ಬಟ್ಟೆಯನ್ನು ಮೊದಲು ಸುಮಾರಾಗಿ ಎಳೆದು ಅಂಚಿಗೆ ಅಂಟಿಸುತ್ತಾರೆ, ಸುಕ್ಕುಸುಕ್ಕಾಗಿ ಕಾಣುತ್ತದೆ. ಆಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುತ್ತಾರೆ, ಮೊದಲು ಸುಮಾರು 120 ಡಿಗ್ರಿಯಲ್ಲಿ, ಕೊನೆಗೆ 177ರಲ್ಲಿ. ಕಣ್ಣೆದುರೇ ಸುಕ್ಕೆಲ್ಲ ಮಾಯ. ನೂಲು ತಯಾರಿಸುವಾಗ ಅದರ ಉದ್ದುದ್ದ ಅಣುಗಳನ್ನು ಎಳೆದು ನೆಟ್ಟಗೆ ಮಾಡಿರುತ್ತಾರೆ ನೋಡಿ, ಬಿಸಿ ತಾಗಿದಾಗ ಅವು ಮತ್ತೆ ಮುದುಡಿಕೊಳ್ಳುತ್ತವೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ವಾ, ಅದೇ ನೆನಪಾಗುತ್ತದೆ, ಅಲ್ಲಿ ಚರ್ಮದ ತೇವ ಆರುವುದು ಕಾರಣ ಅನ್ನೋದೊಂದು ಬಿಟ್ಟರೆ. ಆದರೆ 177 ದಾಟಿದರೆ ಬಟ್ಟೆ ಸಡಿಲವಾಗಲು ಶುರು. ಇಸ್ತ್ರಿ ಪೆಟ್ಟಿಗೆಯ ಮೇಲೆ ಬರೆದಿರುವ 'ಕಾಟನ್', 'ಸಿಲ್ಕ್' ಎಲ್ಲ ಇಲ್ಲಿ ಲೆಕ್ಕಕ್ಕಿಲ್ಲ, ಥರ್ಮಾಮೀಟರ್ ಇಟ್ಟು ನೋಡಬೇಕು.

ಅಂಟು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಬಟ್ಟೆ ಮೇಲಕ್ಕೆ ಉಬ್ಬಲು ನೋಡುತ್ತದೆ. ಹಾಗಾಗಿ ಅದನ್ನು ಒಳಗಿನ ಅಡ್ಡಪಟ್ಟಿಗಳಿಗೆ ಸೇರಿಸಿ ಹೊಲಿಯುವುದುಂಟು. ಗೋಣಿಚೀಲದ ದಬ್ಬಳಕ್ಕಿಂತ ಉದ್ದದ ಸೂಜಿ, ಮೇಣ ಸವರಿದ ದಾರ, ಮೇಲಿಂದ ಚುಚ್ಚಿ ಕೆಳಗೆ ತೆಗೆದು ಮತ್ತೆ ಮೇಲಕ್ಕೆ. ಒಂದೊಂದು ಹೊಲಿಗೆಗೂ ಬೇರೆ ಗಂಟು, ಒಂದು ಕಿತ್ತರೂ ಪಕ್ಕದ್ದು ನಿಲ್ಲಬೇಕು. ಪ್ರೊಪೆಲರ್ ಗಾಳಿ ಬಡಿಯುವ ಕಡೆ ಹೊಲಿಗೆ ಇನ್ನೂ ಒತ್ತೊತ್ತು.

ನನ್ನ ಕೇಳಿದರೆ, ಬಟ್ಟೆ ಬಿಚ್ಚುವುದರಲ್ಲಿ ಬಟ್ಟೆಗಿಂತ ಮುಖ್ಯ ಅದರ ಕೆಳಗಿನದು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಪೈಪುಗಳು ಆಗಲೇ ಪೂರ್ತಿ ಕಾಣುವುದು. ಮಳೆಗಾಲದ ತೇವ ಬಾಲದ ಹತ್ತಿರ, ತಗ್ಗಿನಲ್ಲಿ ಸೇರುತ್ತದೆ. ನೀರು ಹೋಗಲೆಂದೇ ಬಟ್ಟೆಯ ತಳದಲ್ಲಿ ಚಿಕ್ಕ ತೂತುಗಳಿರುತ್ತವೆ, ಆದರೆ ಯಾರೋ ಬಣ್ಣ ಹೊಡೆಯುವಾಗ ಸುಮ್ನೆ ಮುಚ್ಚಿಬಿಟ್ಟಿರುತ್ತಾರೆ! ಮೆಕ್ಯಾನಿಕ್ ಅಂಥ ಕಡೆ ಚೂಪು ಮೊನೆ ಇಟ್ಟು ಒತ್ತಿ ನೋಡುತ್ತಾನೆ. ಪೈಪ್ ಚೆನ್ನಾಗಿದ್ದರೆ ಮೊನೆ ಜಾರುತ್ತದೆ. ಒಳಗಿಂದ ತುಕ್ಕು ತಿಂದಿದ್ದರೆ ಸಲೀಸಾಗಿ ಇಳಿಯುತ್ತದೆ. ಆಗ ಅಷ್ಟು ಭಾಗ ಕತ್ತರಿಸಿ ಹೊಸ ಪೈಪ್ ವೆಲ್ಡ್ ಮಾಡಿ, ಒಳಗೆ ಬಿಸಿ ಅಗಸೆ ಎಣ್ಣೆ ಓಡಾಡಿಸಿ, ಬಸಿದು, ಎಣ್ಣೆ ಹಾಕಿದ ಪೈಪಿನ ತೂತು ಮುಚ್ಚುತ್ತಾರೆ. ಹೌದು, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ. ಅದರ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆಯಾಗಿ ಪೈಪಿನ ಒಳಮೈಗೆ ಅಂಟಿಕೊಳ್ಳುತ್ತದೆ.