ಪದ ಪರಿಚಯ: ಕುರ್‌ಆನ್ ಅಧ್ಯಯನದಲ್ಲಿ ‘ಪರಿಷ್ಕರಣವಾದ’

ಕುರ್‌ಆನ್ ಯಾವಾಗ, ಹೇಗೆ ಗ್ರಂಥರೂಪ ತಳೆಯಿತು ಎಂಬುದಕ್ಕೆ ಮುಸ್ಲಿಂ ಪರಂಪರೆ ಕೊಡುವ ಉತ್ತರವನ್ನು ಬದಿಗಿಟ್ಟು, ಆ ಚರಿತ್ರೆಯನ್ನು ಬುಡದಿಂದ ಮತ್ತೆ ಬರೆಯಹೊರಟ ಪಾಶ್ಚಾತ್ಯ ವಿದ್ವಾಂಸರ ಧೋರಣೆಯೇ ಪರಿಷ್ಕರಣವಾದ, ಅಂದರೆ ರಿವಿಷನಿಸಂ. ಪಾಶ್ಚಾತ್ಯರ ಅಧ್ಯಯನವೆಲ್ಲ ಇದೇ ಎಂದುಕೊಳ್ಳುವವರಿದ್ದಾರೆ, ಹಾಗಲ್ಲ. 1860ರಲ್ಲಿ ಕುರ್‌ಆನಿನ ಚರಿತ್ರೆ ಬರೆದ ಜರ್ಮನಿಯ ಥಿಯೊಡೋರ್ ನ್ಯೋಲ್ಡೆಕೆ, ಸೂರಾಗಳನ್ನು, ಅಂದರೆ ಕುರ್‌ಆನಿನ ಅಧ್ಯಾಯಗಳನ್ನು, ಮಕ್ಕಾದ ಮೂರು ಘಟ್ಟ, ಮದೀನಾದ ಒಂದು ಘಟ್ಟವೆಂದು ಕಾಲಕ್ರಮದಲ್ಲಿ ಜೋಡಿಸಿದರು. ಖಲೀಫ ಉಸ್ಮಾನರ ಕಾಲದಲ್ಲಿ (644–656) ಪಠ್ಯ ಸ್ಥಿರವಾಯಿತು ಎಂಬ ಸಾಂಪ್ರದಾಯಿಕ ಚೌಕಟ್ಟನ್ನು ಅವರು ಬಹುಮಟ್ಟಿಗೆ ಒಪ್ಪಿದ್ದರು.

ಆ ಚೌಕಟ್ಟು ಅಲುಗಿದ್ದು 1977ರಲ್ಲಿ. ಕುರ್‌ಆನ್ ಈಗಿನ ರೂಪಕ್ಕೆ ಬಂದದ್ದು ಪ್ರವಾದಿಯವರ ನಂತರ ಸುಮಾರು ಎರಡು ಶತಮಾನಗಳ ಅವಧಿಯಲ್ಲಿ ಎಂದು ಲಂಡನ್ನಿನ ವಿದ್ವಾಂಸ ಜಾನ್ ವಾನ್ಸ್‌ಬರೋ ವಾದಿಸಿದರು. ಅದೇ ವರ್ಷ ಇತಿಹಾಸಕಾರರಾದ ಪೆಟ್ರೀಷಿಯಾ ಕ್ರೋನ್ ಮತ್ತು ಮೈಕೆಲ್ ಕುಕ್ ಸಿರಿಯಾಕ್, ಗ್ರೀಕ್, ಅರ್ಮೇನಿಯನ್ ಮೂಲಗಳನ್ನು ಮುಂದಿಟ್ಟು ಇಸ್ಲಾಮಿನ ಆರಂಭವನ್ನೇ ಬೇರೆ ಬಗೆಯಲ್ಲಿ ಹೇಳಿದರು.

ವಾನ್ಸ್‌ಬರೋ ವಾದಕ್ಕೆ ಚಾರಿತ್ರಿಕ ಆಧಾರ ಸಾಲದು ಎಂದು ಪಾಕಿಸ್ತಾನ ಮೂಲದ ಚಿಂತಕ ಫಜ್ಲುರ್ ರಹಮಾನ್ ನೇರವಾಗಿ ಆಕ್ಷೇಪಿಸಿದರು. ಉತ್ತರ ಪ್ರದೇಶದ ಮೌ ಎಂಬ ಊರಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ರಿಯಾದ್‌ನಲ್ಲಿ ಕಲಿಸಿದ ಮುಸ್ತಫಾ ಆಜಮಿ ಇನ್ನೂ ಮುಂದೆ ಹೋಗಿ ಪಾಶ್ಚಾತ್ಯರ ಉದ್ದೇಶವನ್ನೇ ಶಂಕಿಸಿದರು. ವಸಾಹತುಶಾಹಿಯನ್ನು ಕಂಡವರಿಗೆ ಆ ಶಂಕೆ ಸಹಜ. ಆದರೆ ನನ್ನ ಮಟ್ಟಿಗೆ ಗಟ್ಟಿಯಾದ ಟೀಕೆ ಬಂದದ್ದು ಕಲ್ಲು ಮತ್ತು ಚರ್ಮದ ಹಾಳೆಗಳಿಂದ.

ಜೆರುಸಲೇಮಿನ ಬಂಡೆಯ ಗುಮ್ಮಟದಲ್ಲಿ (ಡೋಮ್ ಆಫ್ ದ ರಾಕ್) 691–92ರ ಹೊತ್ತಿಗೇ ಕುರ್‌ಆನಿನ ವಾಕ್ಯಗಳಿವೆ. ಬರ್ಮಿಂಗ್‌ಹ್ಯಾಮಿನ ಎರಡು ಕುರ್‌ಆನ್ ಹಾಳೆಗಳ ಚರ್ಮ 568ರಿಂದ 645ರ ನಡುವಿನದು ಎಂದು 2015ರಲ್ಲಿ ಕಾರ್ಬನ್ ಪರೀಕ್ಷೆಯ ಫಲಿತಾಂಶ ಹೊರಬಿತ್ತು. (ಇದು ಚರ್ಮದ ವಯಸ್ಸು, ಬರಹದ್ದಲ್ಲ; ಈ ಎಚ್ಚರ ಬೇಕೇ ಬೇಕು.) ಯೆಮನ್ನಿನ ಸನಾ ನಗರದ ಮಹಾ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಗಳ ರಾಶಿಯಲ್ಲಿ ಅಳಿಸಿ ಮತ್ತೆ ಬರೆದ ಪ್ರತಿಯೊಂದಿದೆ. ಅದರ ಅಳಿಸಿದ ಪದರದಲ್ಲಿ ಪಾಠಭೇದಗಳಿವೆ, ಅಂದರೆ ಈಗಿನ ಪಠ್ಯಕ್ಕಿಂತ ಬೇರೆಯಾದ ಪದಗಳಿವೆ, ಸೂರಾಗಳ ಕ್ರಮವೂ ಬೇರೆ. ಅಂದರೆ ಪಠ್ಯ ತೀರಾ ತಡವಾಗಿ ರೂಪುಗೊಂಡಿತು ಎಂಬ ವಾದ ನಿಲ್ಲುವುದಿಲ್ಲ. ಮೊದಲಿನಿಂದಲೂ ಅಕ್ಷರ ಅಕ್ಷರವೂ ಒಂದೇ ಆಗಿತ್ತು ಎಂಬುದಕ್ಕೂ ಈ ಪ್ರತಿ ಒತ್ತಾಸೆ ಕೊಡುವುದಿಲ್ಲ. ಬೇರೆ ಪಾಠಗಳು ಬಳಕೆಯಲ್ಲಿದ್ದವು ಎಂದು ಮುಸ್ಲಿಂ ಪರಂಪರೆಯೇ ದಾಖಲಿಸಿದೆ ಎನ್ನುವುದನ್ನು ಎರಡೂ ಕಡೆಯ ಉತ್ಸಾಹಿಗಳು ಮರೆಯುತ್ತಾರೆ.

ಈಗ ವಾನ್ಸ್‌ಬರೋ ಹೇಳಿದ ಕಾಲಮಾನವನ್ನು ಒಪ್ಪುವವರು ವಿರಳ. ಬರ್ಲಿನ್ನಿನಲ್ಲಿ 2007ರಲ್ಲಿ ಶುರುವಾದ ಕಾರ್ಪಸ್ ಕೊರಾನಿಕಂ ಯೋಜನೆ ಹಳೆಯ ಹಸ್ತಪ್ರತಿಗಳನ್ನೂ ಪಾಠಭೇದಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ.