ಬೇಡ ಅಂದವರು ಎಷ್ಟು ಮಂದಿ?

ವೈದ್ಯಕೀಯ ಸಂಶೋಧನೆ ಅಂದರೆ ದೊಡ್ಡ ಔಷಧ ಕಂಪನಿ, ಹೊಸ ಮಾತ್ರೆ, ಹೊರದೇಶದ ದುಡ್ಡು ಎಂದೇ ಹೆಚ್ಚಿನವರ ಎಣಿಕೆ. ನಮ್ಮ ಮೈಸೂರು, ಮಂಡ್ಯದ ಹೆಣ್ಣುಮಕ್ಕಳಿಗೆ ಎದುರಾಗುವ ಸಂಶೋಧನೆ ಬಹುಪಾಲು ಇಷ್ಟು ದೊಡ್ಡದಲ್ಲ. ಪ್ರಸೂತಿ ವಿಭಾಗದಲ್ಲಿ ಪಿಜಿ ಮಾಡುವ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಲೇಬೇಕು. ಅದಕ್ಕೆ ಬೇಕಾದ ರಕ್ತ, ಸ್ಕ್ಯಾನಿಂಗ್ ವರದಿ, ಹೆರಿಗೆಯ ವಿವರ ಎಲ್ಲವೂ ಬರುವುದು ತಾಯಿ ಕಾರ್ಡ್ ಹಿಡಿದು ಓಪಿಡಿ ಸಾಲಿನಲ್ಲಿ ನಿಂತ ಬಸುರಿಯರಿಂದ. ರಕ್ತಹೀನತೆ, ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ, ಬಿಳಿಸೆರಗು, ನೋವು ಬರಿಸುವ ಔಷಧ. ಆರಿಸಿಕೊಳ್ಳುವ ವಿಷಯಗಳು ಬೇಕಾದವೇ, ಅನುಮಾನವಿಲ್ಲ.

ಪಾಠ ಮಾಡುತ್ತಾ, ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲೂ ಕೂರುವ ನಾನು ಇಂಥ ಪ್ರಬಂಧ ಕೈಗೆ ಬಂದರೆ ಮೊದಲು ಹುಡುಕುವುದು ಒಂದೇ ಅಂಕಿ. ಅಧ್ಯಯನಕ್ಕೆ ಸೇರುತ್ತೀರಾ ಎಂದು ಎಷ್ಟು ಜನರನ್ನು ಕೇಳಿದರು, ಅವರಲ್ಲಿ ಬೇಡ ಅಂದವರು ಎಷ್ಟು ಮಂದಿ? ಅನೇಕ ಸಲ ಆ ಅಂಕಿಯೇ ಇರುವುದಿಲ್ಲ, ಇದ್ದರೆ ಸೊನ್ನೆ. ಇನ್ನೂರು ಜನರನ್ನು ಕೇಳಿದರಂತೆ, ಇನ್ನೂರು ಜನವೂ ಒಪ್ಪಿದರಂತೆ. ಒಂದೇ ಮನೆಯ ನಾಲ್ಕು ಹೆಂಗಸರು ಸೀರೆ ಅಂಗಡಿಗೆ ಹೋದರೂ ಇಷ್ಟು ಒಮ್ಮತ ಮೂಡುವುದಿಲ್ಲ.

ಯಾಕೆ ಯಾರೂ ಬೇಡ ಅನ್ನುವುದಿಲ್ಲ ಎನ್ನುವುದು ವಾರ್ಡಿನಲ್ಲಿ ನಿಂತವರಿಗೆ ಗೊತ್ತು. ಕೇಳುವುದು ಔಷಧ ಬರೆದುಕೊಡುವ ಡಾಕ್ಟರೇ. ನಾಳೆ ಹೆರಿಗೆ ಮಾಡಿಸುವುದೂ ಅದೇ ಕೈ. "ನೀವೆಂಗಂದ್ರೆ ಅಂಗೆ ಕನವ್ವ" ಅಂದುಬಿಟ್ಟರೆ ಬಸುರಿಗೆ ಕೆಲಸ ಮುಗಿಯಿತು, ನಮ್ಮ ಹುಡುಗರಿಗೂ ಮುಗಿಯಿತು. ಇಲ್ಲ ಅಂದರೆ ಮಂಚ ಸಿಗದಿದ್ದರೆ, ಗದರಿದರೆ ಎಂಬ ಭಯ ಅವಳ ಮನಸ್ಸಿನಲ್ಲೇ ಉಳಿಯುತ್ತದೆ. ಎಳೆದುಕೊಂಡ ರಕ್ತ ತನ್ನ ಚಿಕಿತ್ಸೆಗೋ, ಡಾಕ್ಟರ ಪ್ರಬಂಧಕ್ಕೋ ಎಂಬುದೂ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ.

ಇದು ಬರೀ ಕಾಗದಪತ್ರದ ತಕರಾರು ಅನ್ನುವವರಿಗೆ ನಾನು ಎರಡು ಕಥೆ ಹೇಳುತ್ತೇನೆ. ನ್ಯೂಜಿಲೆಂಡಿನ ಆಕ್ಲೆಂಡ್‌ನ ದೊಡ್ಡ ಹೆಂಗಸರ ಆಸ್ಪತ್ರೆಯಲ್ಲಿ 1966ರಿಂದ, ಗರ್ಭಕಂಠದಲ್ಲಿ ಕ್ಯಾನ್ಸರ್ ಪೂರ್ವದ ಬದಲಾವಣೆ ಇದ್ದ ಮಹಿಳೆಯರಿಗೆ ಪೂರ್ತಿ ಚಿಕಿತ್ಸೆ ಕೊಡದೆ, ಏನಾಗುತ್ತದೋ ನೋಡೋಣ ಎಂದು ಕಾದರು. ತಾವು ಒಂದು ಅಧ್ಯಯನದೊಳಗೆ ಇದ್ದೇವೆಂಬುದೇ ಆ ಮಹಿಳೆಯರಿಗೆ ಗೊತ್ತಿರಲಿಲ್ಲ. ಹಲವರಿಗೆ ಕ್ಯಾನ್ಸರ್ ಬಂತು, ಕೆಲವರು ಸತ್ತರು. 1987ರಲ್ಲಿ ಇಬ್ಬರು ಮಹಿಳೆಯರು ಪತ್ರಿಕೆಯಲ್ಲಿ ಬರೆದ ಮೇಲೆ ನ್ಯಾಯಾಂಗ ವಿಚಾರಣೆ ನಡೆಯಿತು. ಆ ದೇಶದ ರೋಗಿಗಳ ಹಕ್ಕಿನ ಕಾನೂನು ಹುಟ್ಟಿದ್ದು ಅದರಿಂದಲೇ. ಹೊರದೇಶದ ಕಥೆ ಎಂದು ವಿದ್ಯಾರ್ಥಿಗಳು ಉಸಿರು ಬಿಡುವಷ್ಟರಲ್ಲಿ ದೆಹಲಿಯ ಕಥೆ ತೆಗೆಯುತ್ತೇನೆ. 1970ರ ದಶಕದ ನಡುವಿನಿಂದ ಸುಮಾರು ಹನ್ನೆರಡು ವರ್ಷ ನಮ್ಮದೇ ಸರ್ಕಾರಿ ಸಂಸ್ಥೆಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರ ಇಂಥದೇ ಬದಲಾವಣೆಯನ್ನು ಚಿಕಿತ್ಸೆಯಿಲ್ಲದೆ ಗಮನಿಸುತ್ತಾ ಹೋದರು. 1997ರಲ್ಲಿ ಸುದ್ದಿಯಾದಾಗ ಕೊಟ್ಟ ಸಮಜಾಯಿಷಿ: ಹೆಚ್ಚಿನವರಿಗೆ ಓದುಬರಹ ಬರುತ್ತಿರಲಿಲ್ಲ, ಬಾಯಿಮಾತಿನಲ್ಲೇ ಒಪ್ಪಿಗೆ ಪಡೆದೆವು.

ಈಗ ನಿಯಮಗಳಿಗೆ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದೆ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಬಿಟ್ಟರೆ ಚಿಕಿತ್ಸೆಗೆ ತೊಂದರೆಯಾಗದು ಎಂದು ಹೇಳಬೇಕು. 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ನೀತಿ ಮತ್ತು ಸಂವಹನ ಪಠ್ಯದ ಭಾಗವಾಗಿದೆ. ಪಿಜಿಗಳಿಗೆ ಸಂಶೋಧನೆಯ ಆನ್‌ಲೈನ್ ಕೋರ್ಸ್ ಇದೆ, ಪರೀಕ್ಷೆಯೂ ಇದೆ. ಪಾಸಾಗುತ್ತಾರೆ.

ಆದರೆ ಗೊತ್ತಿರುವುದಕ್ಕೂ ಮಾಡುವುದಕ್ಕೂ ನಂಟು ಎಷ್ಟೆಂದು ನಮ್ಮ ಸೀಮೆಯಲ್ಲೇ ಕಂಡಿದ್ದೇವೆ. ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ 1994ರ ಕಾನೂನಿನ ದೆಸೆಯಿಂದ ಪ್ರತಿ ಸ್ಕ್ಯಾನಿಂಗ್ ಕೋಣೆಯಲ್ಲೂ ನೇತಾಡುತ್ತದೆ. ಆದರೂ 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಆ ದಂಧೆ ನಡೆಸುತ್ತಿದ್ದುದು ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಇದ್ದರು. ಕಾನೂನು ತಿಳಿಯದೆ ಮಾಡಿದ್ದೆಂದು ಯಾರಾದರೂ ಹೇಳಬಹುದೇ?

ಕಿರಿಯರು ನೀತಿ ಕಲಿಯುವುದು ರೌಂಡ್ಸ್‌ನಲ್ಲಿ, ಹಿರಿಯರನ್ನು ನೋಡಿ. ಪರದೆ ಎಳೆಯದೆ ಪರೀಕ್ಷೆ ಮಾಡುವ ಪ್ರೊಫೆಸರ್ ಗೌಪ್ಯತೆಯ ಮೇಲೆ ಎಷ್ಟು ಚೆಂದದ ಪಾಠ ಮಾಡಿದರೇನು? ಗಂಡನ ಸಹಿಯ ವಿಷಯವೂ ಹೀಗೆಯೇ. ವಯಸ್ಕ ಹೆಣ್ಣಿನ ಗರ್ಭಪಾತಕ್ಕೆ ಅವಳೊಬ್ಬಳ ಒಪ್ಪಿಗೆ ಸಾಕೆಂದು 1971ರ ಕಾನೂನೇ ಹೇಳುತ್ತದೆ. ಬರೀ ತಪಾಸಣೆಗೆ ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟ ಮೇಲೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದದ್ದು ಸರಿಯಲ್ಲವೆಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೂ ಎಷ್ಟೋ ಕಡೆ "ಯಜಮಾನ್ರು ಬಂದಿದಾರಾ?" ಎಂಬುದೇ ಮೊದಲ ಪ್ರಶ್ನೆ. ಅದನ್ನು ಕೇಳಿ ಬೆಳೆದ ಹುಡುಗ ಸಂಶೋಧನೆಗೂ ಗಂಡನನ್ನೇ ಕೇಳುತ್ತಾನೆ.

ನನ್ನ ವಿದ್ಯಾರ್ಥಿಗಳಿಗೆ ಕೆಲವು ಕಟ್ಟುಗಳಿವೆ. ನೋವು ತಿನ್ನುತ್ತಿರುವವಳ ಮುಂದೆ ಫಾರಂ ಹಿಡಿಯಬಾರದು. ಕೇಳುವುದಿದ್ದರೆ ತಿಂಗಳ ತಪಾಸಣೆಗೆ ಬಂದಾಗಲೇ ಕೇಳಿ, ಮುಂದಿನ ಸಲ ಉತ್ತರ ಪಡೆಯಬೇಕು. ಅವಳಿಗೆ ಚಿಕಿತ್ಸೆ ಕೊಡುವವರು ಕೇಳಬಾರದು, ಬೇರೆಯವರು ಕೇಳಬೇಕು. ವಿವರಿಸಿದ ಮೇಲೆ "ಅರ್ಥ ಆಯ್ತಾ" ಅನ್ನಬಾರದು, ಅದಕ್ಕೆ ತಲೆಯಾಡಿಸದವರಿಲ್ಲ. "ಮನೆಗೋದ್ಮೇಲೆ ಅತ್ತೆಗೆ ಏನಂತ ಹೇಳ್ತೀಯವ್ವ?" ಎಂದು ಕೇಳಬೇಕು. ಆಗ ಬರುವ ಉತ್ತರದಲ್ಲಿ ನಾವು ಹೇಳಿದ್ದು ಎಷ್ಟು ತಲುಪಿತೆಂದು ಗೊತ್ತಾಗುತ್ತದೆ. "ಅದೇನೋ ರಕ್ತ ಕಮ್ಮಿ ಅಂತೆ" ಅಂದರೆ ಮತ್ತೆ ಮೊದಲಿಂದ.

ನಂಬಿಕೆ ಗಳಿಸಿದ ಸಂಶೋಧನೆಯೂ ಈ ಊರಿನಲ್ಲಿದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕ ಬರೆದಿಟ್ಟಿತ್ತು. ದಶಕಗಳ ನಂತರ ಆ ಪುಸ್ತಕ ಹಿಡಿದು ದೊಡ್ಡವರಾದ ಕೂಸುಗಳನ್ನು ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ಹೃದ್ರೋಗ, ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಪರಿಶೀಲಿಸಿದರು. 1997ರ ಹೊತ್ತಿಗೆ ಅಲ್ಲೇ ಬಸುರಿಯರ ಸಕ್ಕರೆ ಪ್ರಮಾಣದ ಹೊಸ ಅಧ್ಯಯನ ಶುರುವಾಯಿತು, ಅವರ ಮಕ್ಕಳನ್ನು ಹರೆಯ ದಾಟುವವರೆಗೂ ಕರೆಸಿ ನೋಡಿದರು. ಒತ್ತಾಯದ ಸಹಿಯಿಂದ ಒಂದು ಸಲ ರಕ್ತ ಸಿಗಬಹುದು, ಇಷ್ಟು ವರ್ಷ ಯಾರೂ ಬರುವುದಿಲ್ಲ.

ನಿಯಮದಲ್ಲಿ ಉತ್ತರ ಸಿಗದ ಪ್ರಶ್ನೆಗಳೂ ಇವೆ. ಫಾರಂನಲ್ಲಿ ಅವಳು ಕೊಡುವ ಮೊಬೈಲ್ ನಂಬರ್ ಎಷ್ಟೋ ಸಲ ಗಂಡನದು. ಜನನಾಂಗದ ಸೋಂಕಿನ ಅಧ್ಯಯನದಲ್ಲಿ ವರದಿ ತಿಳಿಸಲು ಫೋನು ಮಾಡಿದರೆ ಆ ಮನೆಯಲ್ಲಿ ಏನು ನಡೆಯಬಹುದು? ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ ಅವಳೂ ಅದೇ ಬೀದಿಯವಳು. ಹಾಗಾಗಿ ಫೋನು ಯಾರ ಹತ್ತಿರ ಇರುತ್ತದೆ, ಯಾವ ಹೊತ್ತಿಗೆ ಮಾಡಬಹುದು, ಬೇರೆಯವರು ಎತ್ತಿದರೆ ಏನನ್ನಬೇಕು ಎಂದು ಮೊದಲೇ ಅವಳಿಂದ ಬರೆಸಿಕೊಳ್ಳುತ್ತೇವೆ. ಒಪ್ಪಿಗೆ ಪತ್ರದ ಪ್ರತಿಯನ್ನು ಅವಳಿಗೆ ಕೊಡಲೇಬೇಕು ಎನ್ನುತ್ತದೆ ನಿಯಮ. ಮನೆಗೆ ಒಯ್ಯಲು ಅವಳು ಹೆದರುತ್ತಾಳೆ. ಅವಳ ಪ್ರತಿಯನ್ನು ಅವಳ ಹೆಸರಿನಲ್ಲೇ ನಮ್ಮಲ್ಲಿಟ್ಟು, ಬಂದಾಗ ಕೊಡೋಣ, ಹಾಗೆಂದು ಫೈಲಿನಲ್ಲಿ ಬರೆಯೋಣ ಎಂಬುದು ನನ್ನ ವಾದ. ಸಮಿತಿಯ ಕಾನೂನು ಬಲ್ಲ ಸದಸ್ಯರು ಇನ್ನೂ ಒಪ್ಪಿಲ್ಲ.