ಮಾಡಿನಿಂದ ಪಂಚಾಂಗದವರೆಗೆ: ಕಾಸರಗೋಡು ಪೇಟೆಯ ಮನೆಗಳನ್ನು ನೋಡುವ ಬಗೆ

ಕಾಸರಗೋಡಿನ ಹಳೆಮನೆಯೊಂದರ ಪ್ರಾಯ ತಿಳಿಯಬೇಕಾದರೆ ಬಾಗಿಲ ಮೇಲೆ ಕೆತ್ತಿದ ಇಸವಿಯನ್ನು ಹುಡುಕುವುದಕ್ಕಿಂತ ಮಳೆನೀರಿನ ದಾರಿಯನ್ನು ನೋಡುವುದು ಒಳ್ಳೆಯದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕದಲ್ಲೇ ಇಲ್ಲಿನ ಪ್ರತಿಯೊಂದು ಕಟ್ಟಡವೂ ಎದ್ದಿದೆ. ಲೆಕ್ಕ ತಪ್ಪಿದಲ್ಲಿ ಗೋಡೆಯ ಮೇಲೆ ಕಲೆ ಉಳಿದಿದೆ.

ತಳಂಗರೆಯಿಂದ ಹೊರಟು ರೈಲು ನಿಲ್ದಾಣ, ಹಳೆ ಬಸ್‌ಸ್ಟ್ಯಾಂಡ್, ನುಳ್ಳಿಪ್ಪಾಡಿ, ಅಣಂಗೂರು ದಾಟಿ ವಿದ್ಯಾನಗರಕ್ಕೆ ನಡೆಯಲು ಒಂದು ಬೆಳಗ್ಗೆ ಸಾಕು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಕು. ಹಳೆಯ ಮಾಡುಗಳು, ಅಂದರೆ ಇಳಿಜಾರು ಛಾವಣಿಗಳು, ಉಳಿದಿರುವುದು ಅಲ್ಲಿಯೇ.

ಮೊದಲು ಹಂಚು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡಾದವು. ಹಂಚಿನ ಅಡಿಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮುಚ್ಚಿಗೆ (ಮಾಡಿನ ಕೆಳಗಿನ ಮರದ ಹೊದಿಕೆ) ಇಲ್ಲದ ಜಗಲಿಯಲ್ಲಿ ನಿಂತು ತಲೆಯೆತ್ತಿದರೆ ಅದನ್ನು ಓದಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಹಂಚಿನಲ್ಲಿ 1865 ಎಂದೋ 1868 ಎಂದೋ ಕಂಡ ಕೂಡಲೇ ಮನೆಯೂ ಅಂದಿನದೇ ಎಂದುಕೊಳ್ಳುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಇಸವಿಗಿಂತ ಹೆಸರು ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧದ ಬಳಿಕ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಸಂಸ್ಥೆಯ ಕೈಸೇರಿದವು. ಹಾಗಾಗಿ ಬಾಸೆಲ್ ಮಿಶನ್ ಎಂಬ ಅಚ್ಚಿದ್ದರೆ ಆ ಹಂಚು ಅದಕ್ಕಿಂತ ಹಿಂದಿನದೆಂದು ಊಹಿಸಬಹುದು. ಮನೆಯ ವಿಷಯದಲ್ಲಿ ಆ ಊಹೆಯೂ ಸಲ್ಲದು, ಏಕೆಂದರೆ ಕೆಡವಿದ ಮನೆಯ ಹಂಚು ಇನ್ನೊಂದು ಮನೆಗೆ ಏರುವುದು ಇಲ್ಲಿ ತೀರ ಸಾಮಾನ್ಯ. ಒಂದೇ ಮಾಡಿನಲ್ಲಿ ಮೂರು ಕಾರ್ಖಾನೆಯ ಹೆಸರು ಕಂಡರೆ ಅದು ದುರಸ್ತಿಯ ಗುರುತು.

ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಒಂದೊಂದು ಎರಡೂವರೆ ಕಿಲೋ ಎಂದರೂ ಒಟ್ಟು 40 ಕಿಲೋ ಆಗುವುದಿಲ್ಲ. ಐದು ಇಂಚಿನ ಕಾಂಕ್ರೀಟ್ ತಾರಸಿ ಅಷ್ಟೇ ಜಾಗದಲ್ಲಿ 300 ಕಿಲೋ ದಾಟುತ್ತದೆ. ಹಳೆಯ ಪಕ್ಕಾಸುಗಳು (ಮಾಡನ್ನು ಹೊರುವ ಓರೆಮರಗಳು) ಅಷ್ಟು ಸಪೂರ ಇದ್ದೂ ತಲೆಮಾರುಗಟ್ಟಲೆ ನಿಂತದ್ದು ಇದರಿಂದ. ಹಂಚಿನ ಮಾಡಿಗೆ ಇಳಿಜಾರು ಮುಖ್ಯ. 30 ಡಿಗ್ರಿಗಿಂತ ತೀರ ಕಡಿಮೆಯಾದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗಿ ಹಂಚು ಕೂರುವ ಮರದ ರೀಪು ಕೊಳೆತು ಕುಂಬಾಗುತ್ತದೆ, ಮತ್ತೆ ಒರಲೆಗೆ (ಗೆದ್ದಲಿಗೆ) ದಾರಿಯಾಗುತ್ತದೆ. ಎದುರಿನ ಮನೆಯ ಜಗುಲಿಯಿಂದ ನೋಡಿದಾಗ ಮಾಡಿನ ಸಾಲು ನಡುವೆ ತಗ್ಗಿದ್ದರೆ ಕೆಳಗೆ ಪಕ್ಕಾಸೋ ಜಂತಿಯೋ ಸೋತಿದೆ ಎಂದೇ ತಿಳಿಯಬೇಕು.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಹಳೆಯ ಭಾಗವನ್ನು ಇದೇ ಕಣ್ಣಿನಿಂದ ನೋಡಬೇಕು. ಈ ಕರಾವಳಿಯ ಹಳೆಯ ಮಸೀದಿಗಳಿಗೆ ಗುಮ್ಮಟವಿಲ್ಲ. ಇಳಿಜಾರು ಮಾಡು, ಮರದ ಕೆತ್ತನೆ, ಅಗಲವಾದ ಸೂರು. ಮಧೂರು ದೇವಸ್ಥಾನದ ಗಜಪೃಷ್ಠ (ಆನೆಬೆನ್ನಿನಾಕಾರದ) ಮಾಡಿಗೂ ಇದಕ್ಕೂ ಆಕಾರ ಬೇರೆ, ಮಳೆಗೆ ಕೊಟ್ಟ ಉತ್ತರ ಒಂದೇ. ಒಳಗೆ ಹೋಗುವ ಮುನ್ನ, ಫೋಟೋ ತೆಗೆಯುವ ಮುನ್ನ ಅಲ್ಲಿಯವರ ಒಪ್ಪಿಗೆ ಕೇಳಬೇಕು.

ಇನ್ನು ಗೋಡೆ. ಕನ್ನಡದಲ್ಲಿ ಮುರಕಲ್ಲು, ಕೆಂಪುಕಲ್ಲು. ಮಲಯಾಳದ ಮೇಸ್ತ್ರಿಗೆ ಚೆಂಗಲ್ಲು. ಹೊಳೆಯಾಚೆಯ ಚಂದ್ರಗಿರಿ ಕೋಟೆಗೂ ಬೇಕಲ ಕೋಟೆಗೂ ಇದೇ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿ ತಾಗಿದಂತೆ ಗಟ್ಟಿ. ಸಾರಣೆ (ಗೋಡೆಯ ಗಿಲಾವು) ಕಿತ್ತುಹೋದಲ್ಲಿ ಕಲ್ಲಿನ ಮುಖ ನೋಡಿ. ಓರೆಯಾದ, ಒಂದಕ್ಕೊಂದು ಹೊಂದದ ಕೊಡಲಿ ಗುರುತಿದ್ದರೆ ಕೈಯಲ್ಲಿ ಕೆತ್ತಿದ ಕಲ್ಲು. ನೇರ ಗೆರೆ, ಚೂಪು ಅಂಚು ಇದ್ದರೆ ಮಿಶಿನಿನದು. ಹಳೆಯ ಗೋಡೆ ಒಂದೂವರೆ ಎರಡು ಅಡಿ ದಪ್ಪವಿರುತ್ತದೆ. ಕಿಟಿಕಿಯ ದಾರಂದದ (ಚೌಕಟ್ಟಿನ) ಬದಿಯಲ್ಲಿ ಅದನ್ನು ಅಳೆಯುವುದು ಸುಲಭ. ಹೊಸಮನೆಗಳಲ್ಲಿ ಮುರಕಲ್ಲಿನ ತೆಳ್ಳನೆಯ ಹಲಗೆಗಳನ್ನು ಸಿಮೆಂಟ್ ಗೋಡೆಗೆ ಅಂಟಿಸುವುದೂ ಬಂದಿದೆ. ಮೂಲೆಯಲ್ಲಿ ನಿಂತರೆ ಗುಟ್ಟು ತಿಳಿಯುತ್ತದೆ. ನಿಜವಾದ ಕಲ್ಲು ಮೂಲೆ ಸುತ್ತಿ ಎರಡೂ ಬದಿಗೆ ಮುಖ ಕೊಡುತ್ತದೆ, ಅಂಟಿಸಿದ್ದರಲ್ಲಿ ಮೂಲೆಯುದ್ದಕ್ಕೂ ಒಂದು ಸಂದಿ ಇಳಿದಿರುತ್ತದೆ.

ಹಳೆಯ ಸಾರಣೆ ಚಿಪ್ಪಿನ ಸುಣ್ಣದ್ದು. ಒಡೆದಲ್ಲಿ ಬೆಳ್ಳಗೆ, ಪುಡಿಪುಡಿ. ಸಿಮೆಂಟಿನದು ಬೂದು ಬಣ್ಣ, ಹಲಗೆಯಂತೆ ಕಳಚುತ್ತದೆ. ಮುರಕಲ್ಲು ನೀರು ಹೀರಿ ಮತ್ತೆ ಗಾಳಿಗೆ ಬಿಡುವ ಕಲ್ಲು. ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಅದರ ಮೇಲೆ ಸಿಮೆಂಟ್ ಸಾರಣೆ ಹಾಕಿ ಪ್ಲಾಸ್ಟಿಕ್ ಪೈಂಟ್ ಬಳಿದರೆ ನೀರು ಒಳಗೇ ಉಳಿದು, ಉಪ್ಪು ಹೊರಗೆ ತಳ್ಳಿ, ಎರಡು ಮೂರು ಮಳೆಗಾಲದಲ್ಲೇ ಪೈಂಟ್ ಗುಳ್ಳೆ ಏಳಬಹುದು. ಮನೆಯವರು ಮತ್ತಷ್ಟು ಸಿಮೆಂಟ್ ಮೆತ್ತುತ್ತಾರೆ, ರೋಗ ಬಲಿಯುತ್ತದೆ. ಎಷ್ಟೋ ಗಟ್ಟಿ ಮನೆಗಳು ಹೀಗೆ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಸುಣ್ಣದ ಸಾರಣೆ ಮಾಡುವ ಕೈಗಳು ಇನ್ನೂ ಪೂರ್ತಿ ಇಲ್ಲವಾಗಿಲ್ಲ.

ಒದ್ದೆಯ ಕಲೆಯಲ್ಲೂ ಮೂರು ಬಗೆ. ಮೊಣಕಾಲೆತ್ತರದವರೆಗೆ ಕೆಮ್ಮಣ್ಣಿನ ಚುಕ್ಕೆಗಳಿದ್ದರೆ ಅದು ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದದ್ದು. ಸೂರಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿದರೆ ಅಥವಾ ಬೀಳುವಲ್ಲಿ ಜಲ್ಲಿ ಹಾಸಿದರೆ ನಿಲ್ಲುತ್ತದೆ. ಎರಡು ಮೂರು ಅಡಿ ಎತ್ತರದಲ್ಲಿ ಅಲೆಯಂತಹ ಗೆರೆ, ಮೇಲಂಚಿನಲ್ಲಿ ಬಿಳಿ ಉಪ್ಪು ಇದ್ದರೆ ನೆಲದಿಂದ ಏರಿದ ನೀರು. ಮೇಲಿನಿಂದ ನಾಲಗೆಯಂತೆ ಇಳಿದಿದ್ದರೆ ಮಾಡು ಸೋರುತ್ತಿದೆ.

ಎರಡನೆಯ ಬಗೆಗೆ ಹಲವು ಕಡೆ ರಸ್ತೆಯೇ ಕಾರಣ. ಹಳೆಮನೆಯ ಪಂಚಾಂಗ, ಅಂದರೆ ಗೋಡೆಯ ಅಡಿಯ ಕಟ್ಟೆ, ಮೂರು ನಾಲ್ಕು ಮೆಟ್ಟಿಲಿನಷ್ಟು ಎತ್ತರ ಇರುತ್ತಿತ್ತು. ಡಾಮರಿನ ಮೇಲೆ ಡಾಮರು ಬಿದ್ದು, ರಸ್ತೆ ಏರುತ್ತ ಏರುತ್ತ ಈಗ ಒಂದೇ ಮೆಟ್ಟಿಲು ಉಳಿದ ಮನೆಗಳಿವೆ. ಅಂಗಡಿಗಳಲ್ಲಿ ಕೆಳಗಿಳಿದು ಒಳಹೋಗುವ ಸ್ಥಿತಿಯೂ ಉಂಟು. ಹೂತುಹೋದ ಮೆಟ್ಟಿಲು ಎಷ್ಟು ಎಂದು ಅಂದಾಜಿಸಿದರೆ ಊರಿನ ನೆಲ ಎಷ್ಟು ಏರಿದೆ ಎಂಬುದು ಅಲ್ಲೇ ಸಿಗುತ್ತದೆ.

ನುಳ್ಳಿಪ್ಪಾಡಿಯ ಕಡೆ ಹೆದ್ದಾರಿ 66ರ ಮೇಲ್ಸೇತುವೆ ಒಂಟಿ ಕಂಬಗಳ ಸಾಲಿನ ಮೇಲೆ ನಿಂತಿದೆ. ಅದನ್ನು ದಾಟಿದ ಮೇಲೆ ತಾರಸಿ ಮನೆಗಳದ್ದೇ ರಾಜ್ಯ. ಗಲ್ಫ್ ದುಡಿಮೆಯಿಂದ ಎದ್ದ ಮನೆಗಳ ಪ್ರಾಯವನ್ನು ಜಗಲಿಯ ನೆಲ ಹೇಳುತ್ತದೆ. ಕೆಂಪು ಕಾವಿ ನೆಲ, ಆಮೇಲೆ ಮೊಸಾಯಿಕ್, ಆಮೇಲೆ ಮಾರ್ಬಲ್ ಗ್ರಾನೈಟ್, ಈಗ ಹೊಳೆಯುವ ಟೈಲು. ತಾರಸಿಯ ಕಾಯಿಲೆ ಸನ್‌ಶೇಡಿನ ಅಡಿಯಲ್ಲಿ ಮೊದಲು ತೋರುತ್ತದೆ. ಕಂಬಿಯ ಉದ್ದಕ್ಕೆ ನೇರ ಬಿರುಕು, ಕಂದು ಕಲೆ, ಮತ್ತೆ ಕಾಂಕ್ರೀಟ್ ಹಕ್ಕಳೆಯಾಗಿ ಕಳಚುವುದು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ (ಐ.ಎಸ್.) 456ರ ಪ್ರಕಾರ ಸಾಧಾರಣ ಜಾಗದಲ್ಲಿ ಕಂಬಿಯ ಮೇಲೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಸಾಕು, ತೀವ್ರ ಪರಿಸರದಲ್ಲಿ 45 ಬೇಕು. ಉಪ್ಪುಗಾಳಿಯ ಊರಲ್ಲಿ ಒಳನಾಡಿನ ಅಳತೆ ಹಿಡಿದು ಕಟ್ಟಿದ್ದರ ಫಲ ಇದು.

ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟಿನ ಮಾಡು ಹಾಕುವುದು ಈಗ ಮನೆಮನೆಯಲ್ಲಿದೆ. ನೋಡಲು ಚೆಂದವಿಲ್ಲ ಎನ್ನುವವರಿದ್ದಾರೆ. ಆದರೆ ಅದು ಸರಿಯಾದ ಬುದ್ಧಿ. ಸೋರುವುದು ನಿಲ್ಲುತ್ತದೆ, ಕೆಳಗೆ ಸೆಕೆ ತಗ್ಗುತ್ತದೆ, ಮಳೆಗಾಲದಲ್ಲಿ ಬಟ್ಟೆಯೂ ಅಡಿಕೆಯೂ ಒಣಗುತ್ತವೆ. ಚೌಕಟ್ಟನ್ನು ಬಿಗಿಯಾಗಿ ಬೋಲ್ಟ್ ಮಾಡದಿದ್ದರೆ ಮಾತ್ರ ಮೊದಲ ಬಿರುಗಾಳಿಗೇ ಶೀಟು ಹಾರುತ್ತದೆ.

1984ರಲ್ಲಿ ಜಿಲ್ಲೆಯಾದ ಮೇಲೆ ವಿದ್ಯಾನಗರಕ್ಕೆ ಕಚೇರಿಗಳು ಬಂದವು. ಅಲ್ಲಿನ ಕಟ್ಟಡಗಳಲ್ಲಿ ಉದ್ದ ವೆರಾಂಡ ಇರುವುದಕ್ಕೂ ಇಲ್ಲದಿರುವುದಕ್ಕೂ ಹೊರಗೋಡೆಯ ಪಾಚಿಯಲ್ಲಿ ಎಷ್ಟು ವ್ಯತ್ಯಾಸ ಎಂಬುದನ್ನು ಹೋಲಿಸಿ ನೋಡಬೇಕು.

ಹೊರಡಲು ಒಳ್ಳೆಯ ಹೊತ್ತು ಮಳೆ ನಿಂತು ಅರ್ಧ ಗಂಟೆಯಾದ ಮೇಲೆ. ಒಣಗಿದ ಗೋಡೆ, ಇನ್ನೂ ಒದ್ದೆಯಿರುವ ಗೋಡೆ ಆಗ ಬೇರೆಬೇರೆಯಾಗಿ ಕಾಣುತ್ತವೆ. ಪ್ರತಿ ಮನೆಗೂ ಮೂರು ಫೋಟೋ ಸಾಕು: ಮೂಲೆಯಿಂದ ಇಡೀ ಮನೆ, ಸೂರಿನ ಅಡಿಭಾಗ, ಮತ್ತೆ ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು ಪಂಚಾಂಗ.